ಜನಜಂಗುಳಿಯ ಆಚೆಗಿನ ಕೊಡಗು

ಕೊಡಗಿಗೆ ಬರುವ ಗೆಳೆಯರು, ನೆಂಟರು, ನೆಂಟರ ಗೆಳೆಯರು ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಜನ ಇಲ್ಲದ ಒಂದು ಒಳ್ಳೆಯ ಜಾಗ ಹೇಳಿ." ಈ ಸಭೆಯಲ್ಲಿ ಹೊರಗಿನಿಂದ ಬಂದವರೂ ಇದ್ದೀರಿ, ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿಕೊಂಡ ನಮ್ಮೂರಿನವರೂ ಇದ್ದೀರಿ. ಆದ್ದರಿಂದ ಈ ಪ್ರಶ್ನೆಯನ್ನು ಎರಡೂ ಕಡೆಯಿಂದ ನೋಡುವುದು ಒಳ್ಳೆಯದು. ಜಾಗದ ಹೆಸರುಗಳನ್ನು ನಾನು ಖಂಡಿತ ಹೇಳುತ್ತೇನೆ. ಆದರೆ ಹೆಸರಿಗಿಂತ ಮೊದಲು ಹೇಳಬೇಕಾದ ಮಾತೊಂದಿದೆ. ಕೊಡಗಿನಲ್ಲಿ ಜನದಟ್ಟಣೆ ಇರುವುದು ಕೆಲವೇ ಜಾಗಗಳಲ್ಲಿ ಮತ್ತು ಕೆಲವೇ ಹೊತ್ತಿನಲ್ಲಿ. ಅದನ್ನು ತಪ್ಪಿಸಬೇಕಾದವರು ಹೊಸ ಜಾಗಕ್ಕಿಂತ ಮುಂಚೆ ತಾವು ಪ್ರವಾಸ ಮಾಡುವ ಕ್ರಮವನ್ನೇ ಬದಲಾಯಿಸಿಕೊಳ್ಳಬೇಕು.

ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ವಾರಾಂತ್ಯಕ್ಕೆ ಬರುವ ಕಾರುಗಳಲ್ಲಿ ಬಹುಪಾಲು ಓಡಾಡುವುದು ಇದರ ಒಂದು ಸಣ್ಣ ಪಟ್ಟಿಯಲ್ಲಿ. ಕುಶಾಲನಗರದಿಂದ ಒಳಗೆ ಬಂದು, ಕಾವೇರಿ ನಿಸರ್ಗಧಾಮ, ದುಬಾರೆ ಆನೆ ಶಿಬಿರ, ಮಡಿಕೇರಿಯ ರಾಜಾಸೀಟು, ಅಬ್ಬಿ ಜಲಪಾತ, ಸಮಯ ಉಳಿದರೆ ಭಾಗಮಂಡಲ ಮತ್ತು ತಲಕಾವೇರಿ ಮುಗಿಸಿ, ಭಾನುವಾರ ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸು. ಶನಿವಾರ ಬೆಳಿಗ್ಗೆ ಹತ್ತರಿಂದ ಭಾನುವಾರ ಸಂಜೆಯವರೆಗೆ ಈ ಪಟ್ಟಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ. ಅದೇ ರಾಜಾಸೀಟಿಗೆ ಮಂಗಳವಾರ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಕಣಿವೆಯ ತುಂಬ ಮಂಜು ನಿಂತಿರುತ್ತದೆ, ವಾಕಿಂಗ್ ಬಂದ ಊರಿನ ನಾಲ್ಕು ಹಿರಿಯರನ್ನು ಬಿಟ್ಟರೆ ಯಾರೂ ಇರುವುದಿಲ್ಲ.

ಇನ್ನು ಹೊಸ ಜಾಗ ಹುಡುಕುವವರ ವಿಷಯ. ಮಾಂದಲಪಟ್ಟಿಯನ್ನು ನೆನಪಿಸಿಕೊಳ್ಳಿ. ಪುಷ್ಪಗಿರಿ ಶ್ರೇಣಿಯ ಆ ಹುಲ್ಲುಬೆಟ್ಟ ಒಂದು ಕಾಲಕ್ಕೆ ಅಕ್ಕಪಕ್ಕದ ಊರಿನವರು ದನ ಮೇಯಿಸಲು ಹೋಗುತ್ತಿದ್ದ ಜಾಗ. 2008ರಲ್ಲಿ ತೆರೆಕಂಡ ಒಂದು ಜನಪ್ರಿಯ ಕನ್ನಡ ಚಿತ್ರದಲ್ಲಿ ಅದು ಕಾಣಿಸಿಕೊಂಡ ಮೇಲೆ ಅಲ್ಲಿಗೆ ಹೋಗುವವರ ಸಂಖ್ಯೆ ಏರುತ್ತಲೇ ಹೋಯಿತು. ಇಂದು ರಜಾದಿನಗಳಲ್ಲಿ ಅಲ್ಲಿಗೆ ಜೀಪುಗಳ ಸಾಲು ಇರುತ್ತದೆ. ಜೀಪು ಓಡಿಸುವವರ ಮೇಲೆ ನನಗೆ ಸಿಟ್ಟಿಲ್ಲ, ಅದು ಅವರ ಹೊಟ್ಟೆಪಾಡು. ಆದರೆ "ಯಾರಿಗೂ ಗೊತ್ತಿಲ್ಲದ ಜಾಗ" ಎಂದು ಒಬ್ಬರು ಫೋಟೊ ಹಾಕಿದ ಜಾಗ ಕೆಲವೇ ವರ್ಷಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ಮಾಂದಲಪಟ್ಟಿ ನಮ್ಮ ಕಣ್ಣೆದುರಿಗಿರುವ ಉದಾಹರಣೆ. ಕುಮಾರ ಪರ್ವತದ ಕಥೆಯೂ ಬೇರೆಯಲ್ಲ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಸುಬ್ರಹ್ಮಣ್ಯದ ಕಡೆಯಿಂದ ಬೆಟ್ಟ ಹತ್ತಲು ಬಂದವರು ಸಾಲುಗಟ್ಟಿ ನಿಂತ ಚಿತ್ರಗಳನ್ನು ನೀವೆಲ್ಲ ನೋಡಿರುತ್ತೀರಿ. ಅದಾದ ಬೆನ್ನಿಗೇ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ಪಥಗಳನ್ನು ಕೆಲಕಾಲ ಮುಚ್ಚಿತು; ಮುಂದೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂತು. ಮಿತಿ ಬಂದದ್ದು ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ.

ಈಗ ಜಾಗಗಳ ಮಾತಿಗೆ ಬರೋಣ. ಪ್ರವಾಸಿಗರು ಬಹುತೇಕ ಮರೆತಿರುವ ಭಾಗ ಉತ್ತರ ಕೊಡಗು, ಅಂದರೆ ಸೋಮವಾರಪೇಟೆಯ ಕಡೆ. ಮಲ್ಲಳ್ಳಿ ಜಲಪಾತಕ್ಕೆ ಈಗ ಸಾಕಷ್ಟು ಜನ ಬರುತ್ತಾರೆ, ಅದನ್ನು ಬಿಡೋಣ. ಸೋಮವಾರಪೇಟೆಯ ಹತ್ತಿರ ದೊಡ್ಡಮಳ್ತೆಯಲ್ಲಿ ಹೊನ್ನಮ್ಮನ ಕೆರೆ ಇದೆ. ಕೆರೆ ತೋಡಿಸಿದರೂ ನೀರು ಬಾರದಿದ್ದಾಗ ಹೊನ್ನಮ್ಮ ಎಂಬ ಸೊಸೆ ತನ್ನನ್ನೇ ಅರ್ಪಿಸಿಕೊಂಡಳು ಎಂಬ ಕಥೆ ಆ ಊರಿನಲ್ಲಿ ಇಂದಿಗೂ ಜೀವಂತವಾಗಿದೆ. ಗೌರಿ ಹಬ್ಬದ ದಿನ ಕೆರೆಗೆ ಬಾಗಿನ ಬಿಡುತ್ತಾರೆ. ಅಂದು ಮಾತ್ರ ಅಲ್ಲಿ ಜನವೋ ಜನ. ಉಳಿದ ದಿನಗಳಲ್ಲಿ ಏರಿಯ ಮೇಲೆ ಕೂತು ನೀರನ್ನು, ಎದುರಿನ ಗುಡ್ಡಗಳನ್ನು ನೋಡುತ್ತ ಒಂದು ಮಧ್ಯಾಹ್ನ ಕಳೆಯಬಹುದು. ಅಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳುವವರಿಗೆ ಆ ಜಾಗ ಒಗ್ಗುವುದಿಲ್ಲ, ಅವರು ಹೋಗದಿರುವುದೇ ಮೇಲು.

ಅಲ್ಲಿಂದ ಮಾದಾಪುರ, ಗರ್ವಾಲೆಯ ಕಡೆ ಬಂದರೆ ಕೋಟೆಬೆಟ್ಟ. ಎತ್ತರ ಸುಮಾರು 1,620 ಮೀಟರ್. ತಡಿಯಂಡಮೋಳ್ ಮತ್ತು ಪುಷ್ಪಗಿರಿಯ ನಂತರ ನಮ್ಮ ಜಿಲ್ಲೆಯ ದೊಡ್ಡ ಬೆಟ್ಟಗಳಲ್ಲಿ ಅದರದೇ ಹೆಸರು. ದೂರದಿಂದ ನೋಡಿದರೆ ತುದಿಯ ಬಂಡೆ ನಿಜಕ್ಕೂ ಕೋಟೆಯ ಗೋಡೆಯ ಹಾಗೆ ಕಾಣುತ್ತದೆ. ಮೇಲೆ ಒಂದು ಈಶ್ವರನ ಗುಡಿ ಇದೆ. ಇಲ್ಲಿಗೆ ಹೋಗುವವರಿಗೆ ನಾನು ಹೇಳುವುದಿಷ್ಟೆ: ತುದಿ ಮುಟ್ಟುವ ಆತುರದಲ್ಲಿ ದಾರಿಯನ್ನು ಕಳೆದುಕೊಳ್ಳಬೇಡಿ. ನಮ್ಮ ಎತ್ತರದ ಬೆಟ್ಟಗಳಲ್ಲಿ ನೆತ್ತಿಯ ಮೇಲೆಲ್ಲ ಹುಲ್ಲು, ಎರಡು ಗುಡ್ಡಗಳ ನಡುವಿನ ಮಡಿಲಲ್ಲಿ ಮಾತ್ರ ಕಾಡು ಇರುತ್ತದೆ. ಇದನ್ನೇ ಶೋಲಾ ಕಾಡು ಎನ್ನುವುದು. ಬಿಸಿಲಿನಲ್ಲಿ ಹುಲ್ಲಿನ ಮೇಲೆ ನಡೆದು ಬಂದು ಅಂಥ ಮಡಿಲೊಳಗೆ ಕಾಲಿಟ್ಟ ಕೂಡಲೇ ಚಳಿ ಮೈಗೆ ತಾಗುತ್ತದೆ. ಮರಗಳು ಎತ್ತರವಿಲ್ಲ, ಗಿಡ್ಡವಾಗಿ ತಿರುಚಿಕೊಂಡಿರುತ್ತವೆ. ಕಾಂಡದ ಮೇಲೆ ಬೆರಳು ಒತ್ತಿದರೆ ಹಾವಸೆ ನೀರು ಬಿಡುತ್ತದೆ. ಕಾಲ ಕೆಳಗೆ ಎಲೆಗಳ ಮೆತ್ತೆಯ ಅಡಿಯಲ್ಲಿ ಎಲ್ಲೋ ನೀರು ಹರಿಯುವ ಸದ್ದು ಕೇಳುತ್ತದೆ, ನೀರು ಮಾತ್ರ ಕಾಣುವುದಿಲ್ಲ. ಅದೃಷ್ಟವಿದ್ದರೆ ಮಲಬಾರ್ ವಿಸ್ಲಿಂಗ್ ಥ್ರಷ್ ಎಂಬ ಕಡುನೀಲಿ ಹಕ್ಕಿ, ಹಾಡು ಅರ್ಧಕ್ಕೇ ಮರೆತುಹೋದ ಹುಡುಗ ಶಿಳ್ಳೆ ಹಾಕಿದಂತೆ ಕೂಗುವುದನ್ನು ಕೇಳುತ್ತೀರಿ.

ಈ ಹುಲ್ಲು ಮತ್ತು ಶೋಲಾ ಸೇರಿ ಮಳೆಗಾಲದ ನೀರನ್ನು ಹಿಡಿದಿಟ್ಟು, ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಮಾದಾಪುರ ಹೊಳೆ ಈ ಕೋಟೆಬೆಟ್ಟದ ಬದಿಯಿಂದಲೇ ಹೊರಟು ಹಾರಂಗಿಯನ್ನು ಸೇರುತ್ತದೆ, ಹಾರಂಗಿ ಕಾವೇರಿಯನ್ನು. ಬೆಂಗಳೂರಿನಿಂದ ಬಂದವರು ಅಲ್ಲಿ ನಿಂತರೆ, ತಮ್ಮ ಮನೆಯ ನಲ್ಲಿಗೆ ಬರುವ ಕಾವೇರಿ ನೀರಿನ ಒಂದು ಪಾಲು ಹೊರಡುವ ಜಾಗದಲ್ಲೇ ನಿಂತಿರುತ್ತಾರೆ. ಹುಲ್ಲಿನ ಮೇಲೆ ಜೀಪಿನ ಚಕ್ರ ಮತ್ತೆ ಮತ್ತೆ ಹೋದರೆ ಅಲ್ಲಿ ಮೊದಲು ಮಣ್ಣು ಬಿಟ್ಟುಕೊಳ್ಳುತ್ತದೆ, ಮುಂದಿನ ಮಳೆಯಲ್ಲಿ ಅದೇ ಕೊರಕಲಾಗುತ್ತದೆ. 2021ರಲ್ಲಿ ಮಾಂದಲಪಟ್ಟಿ ಮತ್ತು ಕೋಟೆಬೆಟ್ಟದಲ್ಲಿ ನೀಲಕುರಿಂಜಿ ಅರಳಿದಾಗ ಜನ ಹೂವಿನ ನಡುವೆ ಹೊರಳಾಡಿ ಫೋಟೊ ತೆಗೆಸಿಕೊಂಡರು. ಆ ಗಿಡ ವರ್ಷಗಟ್ಟಲೆ ಕಾದು ಹೂ ಬಿಟ್ಟು, ಬೀಜ ಚೆಲ್ಲಿ, ಸಾಯುತ್ತದೆ. ಹೂವನ್ನು ತುಳಿದರೆ ಮುಂದಿನ ತಲೆಮಾರಿನ ಗಿಡಗಳನ್ನೇ ತುಳಿದಂತೆ.

ನೈಋತ್ಯದ ಕಡೆ ಕಕ್ಕಬ್ಬೆ ನನಗೆ ಬಹಳ ಇಷ್ಟವಾದ ಭಾಗ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಇರುವುದು ಇಲ್ಲೇ. ಜಿಲ್ಲೆಯ ಅತಿ ಎತ್ತರದ ಶಿಖರ ಎಂಬ ಕಾರಣಕ್ಕೇ ವಾರಾಂತ್ಯದಲ್ಲಿ ಅಲ್ಲಿಗೆ ಗುಂಪುಗಳು ಬರುತ್ತವೆ. ಆದರೆ ಬೆಟ್ಟದ ಬುಡದಲ್ಲಿರುವ ನಾಲ್ಕುನಾಡು ಅರಮನೆಯನ್ನು ಹೆಚ್ಚಿನವರು ಗಾಡಿ ನಿಲ್ಲಿಸುವ ಜಾಗವೆಂದಷ್ಟೇ ತಿಳಿದು ಮುಂದೆ ಹೋಗುತ್ತಾರೆ. ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ಎರಡು ಅಂತಸ್ತಿನ ಕಟ್ಟಡ ಅದು. ಮರದ ಬಾಗಿಲು, ಕಿಟಕಿಗಳ ಕೆತ್ತನೆ, ಗೋಡೆಯ ಮೇಲೆ ಮಾಸುತ್ತಿರುವ ಚಿತ್ರಗಳು, ಮುಂದೆ ಅಂಗಳದಲ್ಲಿ ಪುಟ್ಟದೊಂದು ಮಂಟಪ. ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷ್ ಸೇನೆ ಕೊಡಗನ್ನು ಹೊಕ್ಕಾಗ ಬಂದು ಸೇರಿದ್ದು ಇಲ್ಲಿಗೇ. ಮೈಸೂರಿನ ಅರಮನೆ ನೋಡಿ ಬಂದ ಕಣ್ಣಿಗೆ ಇದು ಅರಮನೆ ಎನ್ನಿಸುವುದಿಲ್ಲ, ದೊಡ್ಡ ಐನ್‌ಮನೆ, ಅಂದರೆ ಕೊಡವ ಕುಟುಂಬದ ಮೂಲಮನೆ ಎನ್ನಿಸುತ್ತದೆ. ಹಿಂದಿನ ಕಾಡನ್ನೂ ಬೆಟ್ಟವನ್ನೂ ನೋಡಿದರೆ ಅರಸ ಈ ಜಾಗವನ್ನೇ ಏಕೆ ಆರಿಸಿದ ಎಂಬುದು ಅರ್ಥವಾಗುತ್ತದೆ. ಹತ್ತಿರದಲ್ಲೇ ಪಾಡಿ ಇಗ್ಗುತ್ತಪ್ಪ ದೇವಸ್ಥಾನವಿದೆ. ಮಳೆ ಬೆಳೆಗಳ ದೇವರು ಇಗ್ಗುತ್ತಪ್ಪ. ನಮ್ಮ ಪುತ್ತರಿ ಹಬ್ಬದಲ್ಲಿ ಕದಿರು ತೆಗೆಯುವ ಮುಹೂರ್ತ ನಿಗದಿಯಾಗುವುದು ಆ ಸನ್ನಿಧಿಯಲ್ಲಿ.

ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಜೇನಿನ ಬಗ್ಗೆ ಒಂದು ಮಾತು. ಕೊಡಗಿನ ಜೇನು ಎಂದರೆ ಒಂದು ಕಾಲಕ್ಕೆ ಊರೂರಿಗೆ ಹೆಸರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನುಗಳಿಗೆ ತಗುಲಿ, ಪೆಟ್ಟಿಗೆಗಳು ಒಂದರ ಹಿಂದೊಂದು ಖಾಲಿಯಾದವು. ನಮ್ಮ ಜೇನು ಕೃಷಿ ಹಳೆಯ ಸ್ಥಿತಿಗೆ ಇನ್ನೂ ಪೂರ್ತಿ ಮರಳಿಲ್ಲ. ಹಾಗಾಗಿ ಹೆದ್ದಾರಿಯ ಅಂಗಡಿಗಳಲ್ಲಿ ಸಾಲಾಗಿ ಇಟ್ಟಿರುವ "ಅಪ್ಪಟ ಕೊಡಗು ಜೇನು" ಎಲ್ಲವೂ ಇಲ್ಲಿಯದೇ ಎಂದು ನಂಬುವ ಮೊದಲು ಒಂದು ಕ್ಷಣ ಯೋಚಿಸಿ. ಪೆಟ್ಟಿಗೆ ಇಟ್ಟಿರುವವರ ಮನೆಯಿಂದಲೇ ಕೊಳ್ಳುವುದು ಉತ್ತಮ. ಆ ನೆಪದಲ್ಲಿ ಒಂದು ತೋಟವನ್ನೂ ನೋಡಿದಂತಾಗುತ್ತದೆ.

ದಕ್ಷಿಣದ ಇರ್ಪು ಮತ್ತು ಬ್ರಹ್ಮಗಿರಿಯ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಇರ್ಪು ಜಲಪಾತದವರೆಗೆ ಜನವಿರುತ್ತದೆ, ಶಿವರಾತ್ರಿಗೆ ಜಾತ್ರೆಯೇ ನಡೆಯುತ್ತದೆ. ಅಲ್ಲಿಂದ ಮೇಲಕ್ಕೆ, 1,608 ಮೀಟರ್ ಎತ್ತರದ ಬ್ರಹ್ಮಗಿರಿಗೆ ಹೋಗುವ ದಾರಿ ವನ್ಯಜೀವಿಧಾಮದ ಒಳಗಿದೆ; ಅರಣ್ಯ ಇಲಾಖೆಯ ಅನುಮತಿ ಮತ್ತು ಗೈಡ್ ಇಲ್ಲದೆ ಹೋಗುವಂತಿಲ್ಲ, ಹೋಗಲೂಬಾರದು. ಚೆಯ್ಯಂಡಾಣೆಯ ಬಳಿಯ ಚೇಲಾವರ ಜಲಪಾತ ಮತ್ತು ಅದರ ಮೇಲಿನ ಚೋಮನ ಕುಂದು ಎಂಬ ಬೆಟ್ಟ ಎರಡೂ ಚೆನ್ನಾಗಿವೆ. ಚೇಲಾವರದಲ್ಲಿ ನೀರಿಗೆ ಇಳಿದು ಜೀವ ಕಳೆದುಕೊಂಡವರಿದ್ದಾರೆ. ಬಂಡೆ ಜಾರುತ್ತದೆ, ಕೆಳಗಿನ ಗುಂಡಿಯ ಆಳ ಮೇಲಿನಿಂದ ತಿಳಿಯುವುದಿಲ್ಲ. ಜಲಪಾತವನ್ನು ದೂರದಿಂದ ನೋಡಿ.

ಈಗ ಹೇಳುವುದು ಪ್ರವಾಸಿ ನಕ್ಷೆಗಳಲ್ಲಿ ಇಲ್ಲದ, ಆದರೆ ಕೊಡಗಿನ ಪ್ರತಿ ಊರಿನಲ್ಲೂ ಇರುವ ಕಾಡಿನ ಬಗ್ಗೆ. ಜಿಲ್ಲೆಯಲ್ಲಿ ದಾಖಲಾಗಿರುವ ದೇವರಕಾಡುಗಳು 1,214. ಕೆಲವು ನೂರಾರು ಎಕರೆ ಇವೆ, ಕೆಲವು ಹತ್ತು ಮರಗಳ ಗುಂಪು. 1905ರಲ್ಲಿ ಸುಮಾರು 6,277 ಹೆಕ್ಟೇರ್ ಇದ್ದದ್ದು 1985ರ ಹೊತ್ತಿಗೆ ಸುಮಾರು 2,550 ಹೆಕ್ಟೇರಿಗೆ ಇಳಿದಿತ್ತು. ಒತ್ತುವರಿ ಮಾಡಿದವರು ಹೊರಗಿನವರಲ್ಲ ಎಂಬುದನ್ನೂ ಈ ಸಭೆಯಲ್ಲಿ ಹೇಳಲೇಬೇಕು. ಉಳಿದಿರುವ ಕಾಡಿನಲ್ಲಿ ಕೊಡಲಿ ಬೀಳದ ಹಳೆಯ ಮರಗಳಿವೆ, ತೋಟಗಳಲ್ಲಿ ಇನ್ನು ಕಾಣಸಿಗದ ಬಳ್ಳಿ, ಅಣಬೆ, ಹಕ್ಕಿಗಳಿವೆ. ಅಯ್ಯಪ್ಪನ ದೇವರಕಾಡಾದರೆ ಮರದ ಬುಡದಲ್ಲಿ ಸಾಲಾಗಿ ಮಣ್ಣಿನ ನಾಯಿಗಳನ್ನು ಕಾಣಬಹುದು. ಹರಕೆ ಹೊತ್ತವರು ತಂದು ಒಪ್ಪಿಸಿದ್ದು. ಹೊಸದು ಕೆಂಪಗಿರುತ್ತದೆ, ಹಳೆಯದರ ಕಿವಿ, ಬಾಲ ಮುರಿದು, ಮೈಮೇಲೆ ಪಾಚಿ ಕಟ್ಟಿ, ಅರ್ಧ ಮಣ್ಣಿನೊಳಗೆ ಹೂತುಹೋಗಿರುತ್ತದೆ. ಮುರಿದದ್ದನ್ನು ಯಾರೂ ತೆಗೆದುಹಾಕುವುದಿಲ್ಲ.

ಇಂಥ ಕಾಡನ್ನು ನೋಡಲು ಇರುವ ದಾರಿ ಒಂದೇ. ನೀವು ಉಳಿದುಕೊಂಡ ಮನೆಯವರನ್ನು ಕೇಳಿ, ಅವರು ಊರಿನ ತಕ್ಕರನ್ನು, ಅಂದರೆ ದೇವರ ಕಾರ್ಯ ನೋಡಿಕೊಳ್ಳುವ ಮುಖ್ಯಸ್ಥರನ್ನು ಕೇಳಿ, ಆಗಬಹುದು ಎಂದರೆ ಅವರ ಜೊತೆಯಲ್ಲಿ ಹೋಗುವುದು. ಚಪ್ಪಲಿ ಹೊರಗೆ, ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ, ಕೆಲವು ಕಡೆ ಹೆಂಗಸರಿಗೆ ಅಥವಾ ಸೂತಕದವರಿಗೆ ಪ್ರವೇಶವಿಲ್ಲ. ಈ ಕಟ್ಟುಪಾಡುಗಳನ್ನು ನೀವು ಒಪ್ಪದಿರಬಹುದು, ನನಗೂ ಕೆಲವು ಒಪ್ಪಿಗೆಯಿಲ್ಲ. ಆದರೆ ಅದರ ಚರ್ಚೆ ಊರಿನವರ ಜೊತೆ ಕೂತು ಆಗಬೇಕೇ ಹೊರತು, ಬೇಲಿ ದಾಟಿ ನುಗ್ಗುವುದರಿಂದ ಅಲ್ಲ. ದೇವರಕಾಡಿನ ಹೆಸರನ್ನೋ ಲೊಕೇಶನ್ನನ್ನೋ ಫೋಟೊದ ಜೊತೆ ಹಾಕಬೇಡಿ ಎಂದು ಹೋಂಸ್ಟೇ ನಡೆಸುವವರು ಅತಿಥಿಗಳಿಗೆ ಮೊದಲೇ ಹೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಹೊತ್ತಿನ ಮಾತು ಬಾಕಿ ಇದೆ. ಡಿಸೆಂಬರ್ ಕೊನೆಯ ವಾರದಲ್ಲಿ ಬಂದು ಜನ ಹೆಚ್ಚು ಎಂದು ದೂರುವುದರಲ್ಲಿ ಅರ್ಥವಿಲ್ಲ. ಕೊಡಗು ಅತ್ಯಂತ ಚೆನ್ನಾಗಿರುವುದು ಯಾವಾಗ ಎಂದು ಕೇಳಿದರೆ ನನ್ನ ಉತ್ತರ, ಕಾಫಿ ಹೂ ಬಿಡುವ ದಿನಗಳು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವಿಡೀ ಒಂದೇ ಬೆಳಿಗ್ಗೆ ಬೆಳ್ಳಗಾಗುತ್ತದೆ. ಮಳೆ ಬಾರದಿದ್ದರೆ ಕೆರೆಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹಾಯಿಸಿ ರೊಬಸ್ಟಾವನ್ನು ಅರಳಿಸುತ್ತಾರೆ, ಆದ್ದರಿಂದ ಒಂದು ತೋಟ ಬೆಳ್ಳಗಿದ್ದು ಪಕ್ಕದ ತೋಟ ಹಸಿರಾಗಿಯೇ ಇರುವುದುಂಟು. ಕೊಂಬೆಯ ಗಿಣ್ಣುಗಿಣ್ಣಿಗೂ ಗೊಂಚಲು, ಮಲ್ಲಿಗೆಯ ಪರಿಮಳ, ಗಿಡದ ಒಳಗಿನಿಂದ ಜೇನುಗಳ ಸದ್ದು. ಮೂರು ನಾಲ್ಕು ದಿನದಲ್ಲಿ ಹೂ ಕಂದುಬಣ್ಣಕ್ಕೆ ತಿರುಗಿ ಉದುರುತ್ತದೆ. ಇದಕ್ಕೆ ಟಿಕೆಟಿಲ್ಲ, ವ್ಯೂಪಾಯಿಂಟಿಲ್ಲ, ದಿನಾಂಕವನ್ನು ಮುಂಗಡ ಹೇಳುವವರೂ ಇಲ್ಲ. ಒಂದು ಹೋಂಸ್ಟೇಯವರ ಪರಿಚಯವಿಟ್ಟುಕೊಂಡು, "ಮಳೆ ಬಿದ್ದರೆ ಫೋನ್ ಮಾಡಿ" ಎಂದು ಹೇಳಿಟ್ಟಿರಬೇಕು. ಒಂದು ಎಚ್ಚರಿಕೆ ಮಾತ್ರ: ತೋಟಗಳೆಲ್ಲ ಖಾಸಗಿ. ಗೇಟು ತೆರೆದಿದೆ ಎಂದರೆ ಒಳಗೆ ಬನ್ನಿ ಎಂದು ಅರ್ಥವಲ್ಲ.

ಮಳೆಗಾಲದಲ್ಲಿ ಬರಬಹುದೇ ಎಂದು ಹಲವರು ಕೇಳುತ್ತಾರೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಗುಡ್ಡಗಳು ಕುಸಿದದ್ದನ್ನು, 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿ ಅರ್ಚಕರ ಮನೆಯನ್ನೇ ಕೊಂಡೊಯ್ದದ್ದನ್ನು ಕಂಡವರು ನಾವು. ಜುಲೈ, ಆಗಸ್ಟಿನಲ್ಲಿ ಬೆಟ್ಟ ಹತ್ತುವ ಯೋಚನೆ ಬೇಡ. ಜಿಲ್ಲಾಡಳಿತ ನಿಷೇಧ ಹಾಕಿದ್ದರೆ ಅದಕ್ಕೆ ಕಾರಣವಿರುತ್ತದೆ. ಆದರೆ ಒಂದು ಮನೆಯಲ್ಲಿ ಕೂತು ಮಳೆ ನೋಡುವುದಾದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ನಮ್ಮ ಕಕ್ಕಡ ಮಾಸದಷ್ಟು ಒಳ್ಳೆಯ ಕಾಲವಿಲ್ಲ. ನಾಟಿ ಕೆಲಸ ನಡೆಯುತ್ತಿರುತ್ತದೆ, ಕಣಿಲೆ, ಏಡಿ, ಕೆಸುವಿನ ಎಲೆಯ ಅಡುಗೆ ಇರುತ್ತದೆ, ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಸಿಗುತ್ತದೆ. ಜಿಗಣೆ ಹತ್ತುತ್ತದೆ, ಹತ್ತಲಿ. ಉಪ್ಪೋ ಸುಣ್ಣವೋ ತಾಗಿಸಿದರೆ ಬಿಡುತ್ತದೆ.

ಕಾಡಾನೆಯ ವಿಷಯದಲ್ಲಿ ಮಾತ್ರ ಹಗುರವಾಗಿ ಮಾತಾಡಲಾರೆ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿಯ ಕಡೆ ಆನೆಗಳು ತೋಟಗಳಲ್ಲೇ ಇವೆ. ಹಲಸು ಹಣ್ಣಾಗುವ ಜೂನ್ ತಿಂಗಳಲ್ಲಿ ಇನ್ನೂ ಹೆಚ್ಚು. ತೋಟದ ಕೆಲಸಕ್ಕೆ ಬೆಳಿಗ್ಗೆ ನಡೆದು ಹೋಗುವವರು ಪ್ರಾಣ ಕಳೆದುಕೊಂಡ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಮಂಜು ಬಿಡುವ ಮೊದಲು ಮತ್ತು ಸಂಜೆ ಆರರ ನಂತರ ತೋಟದ ದಾರಿಯಲ್ಲಿ ನಡೆಯಬೇಡಿ. ಆನೆ ಕಂಡರೆ ಗಾಡಿ ನಿಲ್ಲಿಸಿ ಫೋನ್ ತೆಗೆಯಬೇಡಿ. ಏಕಾಂತ ಹುಡುಕಿಕೊಂಡು ಬಂದವರು ಒಂಟಿಯಾಗಿ ಓಡಾಡಲು ಇಷ್ಟಪಡುತ್ತಾರೆ, ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಸಭೆಯಿಂದ ಬಂದ ಪ್ರಶ್ನೆ ಒಂದಿತ್ತು: ವಯಸ್ಸಾದ ತಂದೆ ತಾಯಿ, ಸಣ್ಣ ಮಕ್ಕಳು ಜೊತೆಗಿದ್ದರೆ ಬೆಟ್ಟ ಹತ್ತಲಾಗದು, ಅಂಥವರು ಎಲ್ಲಿಗೆ ಹೋಗಬೇಕು ಎಂದು. ಅವರಿಗೆ ನನ್ನ ಸಲಹೆ ಚಿಕ್ಲಿಹೊಳೆ. ಕುಶಾಲನಗರ ಮತ್ತು ಸಿದ್ದಾಪುರದ ನಡುವೆ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗಿರುವ ಸಣ್ಣ ಜಲಾಶಯ. ದುಬಾರೆಗೆ ಬರುವ ಜನರಲ್ಲಿ ಕಾಲುಭಾಗವೂ ಇತ್ತ ತಿರುಗುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಜಲಾಶಯ ತುಂಬಿ, ದುಂಡಗಿನ ಕೋಡಿಯ ಅಂಚಿನಿಂದ ನೀರು ಒಂದೇ ಸಮನೆ ಒಳಕ್ಕೆ ಸುರಿಯುವುದನ್ನು ಏರಿಯ ಮೇಲೆ ನಿಂತೇ ನೋಡಬಹುದು. ಕೋಡಿಯ ಹತ್ತಿರ ಮಕ್ಕಳ ಕೈ ಹಿಡಿದಿರಿ. ಅಲ್ಲಿ ಹೋಟೆಲ್ ಇಲ್ಲ, ಹಾಗಾಗಿ ಅಕ್ಕಿರೊಟ್ಟಿ, ಚಟ್ನಿ, ಕುಡಿಯುವ ನೀರನ್ನು ಮನೆಯಿಂದಲೇ ಕಟ್ಟಿಸಿಕೊಂಡು ಹೋಗಿ, ಡಬ್ಬಿಯನ್ನೂ ಬಾಟಲಿಯನ್ನೂ ವಾಪಸು ತನ್ನಿ. ಸುತ್ತ ಮೀಸಲು ಅರಣ್ಯವಿರುವುದರಿಂದ ಐದು ಗಂಟೆಯೊಳಗೆ ಹೊರಟುಬಿಡಿ.